ಅಭಿಪ್ರಾಯದ ಹಾಳೆ

"ಗುರುಗಳೇ, ಓದುಗರ ಮೆಚ್ಚುಗೆಗೆ ಏನಾದರೂ ಬೆಲೆ ಇದೆಯೇ?" ಎಂದು ತೋಂಟೇಶ ಕೇಳಿದ.

ಗುರುಗಳು ಅವನ ಮುಖ ನೋಡಿದರು. ತೋಂಟೇಶನೂ ಫಕ್ಕೀರೇಶನೂ ಅವರ ಬಳಿ ಒಟ್ಟಿಗೆ ಬರೆಯಲು ಕಲಿತವರು. ಫಕ್ಕೀರೇಶ ಈಗ ಒಂದು ಕಾದಂಬರಿ ಬರೆದಿದ್ದ. ಸುಡುಗಾಡಿನ ಯಕ್ಷನಿಗೂ ನೇಕಾರರ ಹುಡುಗಿಗೂ ಪ್ರೀತಿಯಾಗುವ ಕತೆ. ಅದು ಎರಡನೆಯ ಮುದ್ರಣ ಕಂಡಿತ್ತು. ಓದುಗರ ಪತ್ರಗಳನ್ನು ಕೊನೆಯ ಎರಡು ಪುಟಗಳಲ್ಲಿ ಅಚ್ಚು ಹಾಕಿದ್ದರು. ತೋಂಟೇಶ ಆ ಪುಸ್ತಕವನ್ನು ಚೀಲದಿಂದ ತೆಗೆದು ಪತ್ರಗಳನ್ನು ಓದಿ ಹೇಳಿದ. ಓದಬೇಕಾಗಿಯೇ ಇರಲಿಲ್ಲ, ಅರ್ಧಕ್ಕರ್ಧ ಬಾಯಿಪಾಠವಾಗಿತ್ತು.

"ಒಬ್ಬಳಿಗೆ ಮೂರು ದಿನ ನಿದ್ದೆ ಬರಲಿಲ್ಲವಂತೆ. ಇನ್ನೊಬ್ಬಳಿಗೆ ಆ ಯಕ್ಷನೇ ಗಂಡನಾಗಬೇಕಂತೆ. ಇವರಿಗೆಲ್ಲ ತಲೆ ಕೆಟ್ಟಿದೆಯೇ, ಗುರುಗಳೇ?"

ಗುರುಗಳು ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿ ತೊಡೆಯ ಮೇಲಿಟ್ಟುಕೊಂಡರು. "ಕೂತುಕೋ ಮಾರಾಯ, ಒಂದು ಕತೆ ಕೇಳು," ಎಂದರು.

ಒಂದು ಊರಿನಲ್ಲಿ ಒಬ್ಬ ಕಾದಂಬರಿಕಾರನಿದ್ದ. ಹನ್ನೊಂದು ಕಾದಂಬರಿ ಬರೆದ ಆಸಾಮಿ. ಅವನ ಕೈಬರಹ ಆ ದೇವರಿಗೇ ಪ್ರೀತಿ, ಅಚ್ಚಿನ ಮನೆಯವರು ಮುಟ್ಟುತ್ತಿರಲಿಲ್ಲ. ಹಾಗಾಗಿ ಹನ್ನೊಂದನ್ನೂ ಅವನ ಹೆಂಡತಿ ಕೂತು ಶಾಯಿಯಲ್ಲಿ ದುಂಡಗೆ ಪ್ರತಿ ಮಾಡಿಕೊಟ್ಟಿದ್ದಳು.

ಆ ಊರಿನ ವಾಚನಾಲಯದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಪುಸ್ತಕದ ಕೊನೆಗೆ ಒಂದು ಖಾಲಿ ಹಾಳೆ ಅಂಟಿಸುತ್ತಿದ್ದರು. ಪುಸ್ತಕ ಮನೆಗೆ ಒಯ್ದವರು ತಮಗೆ ಅನ್ನಿಸಿದ್ದನ್ನು ಅದರಲ್ಲಿ ಪೆನ್ಸಿಲಿನಿಂದ ಬರೆದು, ಹೆಸರು ಹಾಕಿ ಹಿಂತಿರುಗಿಸಬೇಕು. ಅದಕ್ಕೆ ಅಭಿಪ್ರಾಯದ ಹಾಳೆ ಎಂದು ಹೆಸರು. ಕಾದಂಬರಿಕಾರನ ಹನ್ನೊಂದು ಪುಸ್ತಕಗಳ ಹಾಳೆಗಳೂ ಹಾಲಿನಂತೆ ಬೆಳ್ಳಗಿದ್ದವು. ಯಾರೂ ಒಯ್ದಿರಲಿಲ್ಲ.

ಒಮ್ಮೆ ಹೆಂಡತಿ, "ನಾನೇ ಒಂದು ಸಾಲು ಬರೆಯಲೇ?" ಎಂದು ಕೇಳಿದ್ದಳು. ಅವನು ನಕ್ಕುಬಿಟ್ಟ. "ಮನೆಯವರು ಬರೆದದ್ದು ಅಭಿಪ್ರಾಯ ಆಗುತ್ತದೆಯೇ? ನೀನು ಪ್ರತಿ ಮಾಡು, ಸಾಕು." ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಗುರುತು ಪರಿಚಯವಿಲ್ಲದ ಒಬ್ಬ ಓದುಗ, ಒಂದೇ ಒಂದು ಸಾಲು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕಾಗಿ ಇಪ್ಪತ್ತು ವರ್ಷ ಕಾದಿದ್ದ, ಪಾಪ.

ಹೀಗಿರುವಾಗ ಅದೇ ಊರಿನ ಹೊಲಿಗೆ ಟೀಚರ್ ಒಬ್ಬಳು ಒಂದು ಕಾದಂಬರಿ ಬರೆದಳು. ಕೆರೆಯ ತಳದಲ್ಲಿ ಸೂರ್ಯನೇ ಕಾಣದ ಅರಮನೆ. ಅಲ್ಲೊಬ್ಬ ಕತ್ತಲಿನ ಅರಸ. ನೀರಿಗೆ ಬಂದ ಹುಡುಗಿಯನ್ನು ಅವನು ಎಳೆದೊಯ್ಯುತ್ತಾನೆ, ಅವಳು ಅವನನ್ನು ಪ್ರೀತಿಸುತ್ತಾಳೆ. ಕಾದಂಬರಿಕಾರ ಕೇಳಿ ಮೂಗು ಮುರಿದ. ಆದರೆ ಒಂದೇ ತಿಂಗಳಲ್ಲಿ ಆ ಪುಸ್ತಕಕ್ಕೆ ಮೂರನೆಯ ಹಾಳೆ ಅಂಟಿಸಬೇಕಾಯಿತು!

ಅವನು ದಿನಾ ಸಂಜೆ ಹೋಗಿ, ಪುಸ್ತಕ ಹಿಂತಿರುಗಿ ಬಂದಿದ್ದರೆ ಕಪಾಟಿನ ಮುಂದೆ ನಿಂತು, ಆ ಹಾಳೆಗಳನ್ನು ಮಾತ್ರ ಓದುತ್ತಿದ್ದ. "ಕೊಡ ಹಿಡಿದು ಕೆರೆಗೆ ಹೋಗಲು ಹೆದರಿಕೆ, ಹೋಗದಿರಲು ಬೇಜಾರು," ಎಂದು ಒಬ್ಬಳು ಬರೆದಿದ್ದಳು. "ಬಹಳ ಕೆಟ್ಟ ಪುಸ್ತಕ. ಎರಡು ಸಲ ಓದಿದೆ," ಎಂದು ಒಬ್ಬ ನಿವೃತ್ತ ಪೋಸ್ಟ್ ಮಾಸ್ತರ್. "ಅರಸ ಕ್ರೂರಿ. ನನ್ನ ಗಂಡನೂ ಕ್ರೂರಿಯೇ, ಆದರೆ ಅವರಿಗೆ ಅರಮನೆ ಇಲ್ಲ," ಎಂದು ಮತ್ತೊಬ್ಬಳು. ಓದಿದಷ್ಟೂ ಅವನ ಹೊಟ್ಟೆ ಉರಿಯಿತು. ಉರಿದಷ್ಟೂ ಓದಿದ. ಊಟ ಸೇರದಾಯಿತು. ಹನ್ನೆರಡನೆಯ ಕಾದಂಬರಿ ನಾಲ್ಕನೆಯ ಅಧ್ಯಾಯಕ್ಕೇ ನಿಂತುಹೋಯಿತು.

ಕೊನೆಗೆ ಪುಸ್ತಕವನ್ನು ಮನೆಗೇ ಒಯ್ಯಲು ನಿರ್ಧರಿಸಿದ. ತನ್ನ ಹೆಸರಿನಲ್ಲಿ ಒಯ್ದರೆ ಮರ್ಯಾದೆ ಏನಾದೀತು? ಹೆಂಡತಿಯ ಹೆಸರಿನಲ್ಲಿ ಬರೆಸಿದ. "ಹೆಂಗಸರಿಗೆ ಇಂಥದ್ದೇ ಬೇಕು ನೋಡಿ," ಎಂದು ವಾಚನಾಲಯದವನ ಮುಂದೆ ಹಲ್ಲು ಕಿರಿದ. ಮನೆಗೆ ಬಂದು ರಬ್ಬರ್ ಹಿಡಿದು, ಒಳ್ಳೆಯ ಮಾತುಗಳಲ್ಲಿ ಏಳೆಂಟನ್ನು ಉಜ್ಜಿ ಹಾಕಿದ. ಆ ಜಾಗದಲ್ಲಿ ಎಡಗೈಯಲ್ಲಿ ಬರೆದ: "ನಾಚಿಕೆಗೆಟ್ಟ ಕತೆ. ನಾಯಕಿ ಕೊನೆಗೆ ಸತ್ತದ್ದೇ ಸರಿಯಾಯಿತು. ಇತಿ, ಒಬ್ಬ ಸಭ್ಯ ಓದುಗ." ನಂತರ ಪುಸ್ತಕ ಕೊಟ್ಟುಬಂದ. ಆ ದಿನ ಹೊಟ್ಟೆ ತುಂಬ ಉಂಡ.

ಹತ್ತು ದಿನ ಬಿಟ್ಟು ನೋಡಿದರೆ, ಅದರ ಕೆಳಗೇ ಯಾರೋ ಬರೆದಿದ್ದರು: "ಸಭ್ಯರು ಪುಸ್ತಕ ಓದಿಲ್ಲ. ನಾಯಕಿ ಸಾಯುವುದಿಲ್ಲ." ಅದರ ಕೆಳಗೆ ಇನ್ನೂ ಆರು ಜನ ನಕ್ಕಿದ್ದರು. ನಾಚಿಕೆಗೆಟ್ಟದ್ದು ಎಂಬ ಮಾತು ಕೇಳಿ ಓದಲು ಬಂದವರೇ ಹನ್ನೆರಡು ಮಂದಿ.

ಅವನು ಮತ್ತೆ ಹೆಂಡತಿಯ ಹೆಸರಿನಲ್ಲಿ ಪುಸ್ತಕ ತಂದ. ಈ ಸಲ ಉಜ್ಜಲೂ ಇಲ್ಲ, ಬರೆಯಲೂ ಇಲ್ಲ. ಕಪಾಟಿನಲ್ಲೇ ಇರದಿದ್ದರೆ ಯಾರು ಓದುತ್ತಾರೆ, ನೋಡೋಣ ಎಂದು ಅಡುಗೆಮನೆಯ ಗೂಡಿನಲ್ಲಿ ತುರುಕಿಬಿಟ್ಟ. ಅದು ಹೆಂಡತಿ ದಿನಾ ಕೈ ಹಾಕುವ ಗೂಡು. ಅಷ್ಟೂ ಹೊಳೆಯಲಿಲ್ಲ ಆ ಮಹಾನುಭಾವನಿಗೆ.

ಗಡುವು ಮುಗಿದಾಗ ಪುಸ್ತಕ ಹಿಡಿದು ಹೋಗಿ, "ಇನ್ನೊಂದು ಸಲಕ್ಕೆ ಬರೆದುಕೊಳ್ಳಿ," ಎಂದ. ವಾಚನಾಲಯದವನು ಒಪ್ಪಲಿಲ್ಲ. "ಕಾಯುವವರ ಪಟ್ಟಿ ಬಾಗಿಲು ದಾಟಿದೆ, ಸ್ವಾಮಿ. ಅದೂ ಅಲ್ಲದೆ, ಅಮ್ಮನವರು ಎರಡು ಸಲ ಒಯ್ದರೂ ಒಂದು ಸಾಲು ಬರೆದಿಲ್ಲ. ನಿಯಮ ಎಲ್ಲರಿಗೂ ಒಂದೇ. ಈಗಲೇ ಹೋಗಿ ಒಂದು ಸಾಲು ಬರೆಸಿ ತಂದು ಒಪ್ಪಿಸಿ."

ಅವನು ಗೊಣಗುತ್ತ ಮನೆಗೆ ಬಂದ. ಹೆಂಡತಿ ಒಲೆಯ ಮುಂದಿದ್ದಳು. ಪುಸ್ತಕವನ್ನು ಅವಳ ಮುಂದೆ ಹಾಕಿ, "ಇದರ ಹಿಂದೆ ಏನಾದರೂ ಒಂದು ಸಾಲು ಗೀಚಿ ಕೊಡು," ಎಂದ.

"ಏನು ಬರೆಯಲಿ?"

"ಏನು ಬೇಕಾದರೂ ಬರಿ, ಯಾರು ನೋಡುತ್ತಾರೆ?"

ಅವಳು ಕೈ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡು ಪ್ರತಿ ಮಾಡುವ ಪೆನ್ನು ತಂದು ಕೂತಳು. ಅವನು ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದ. ಅವಳು ಕೊಟ್ಟ ಪುಸ್ತಕವನ್ನು ತೆರೆದೂ ನೋಡದೆ ಕಂಕುಳಲ್ಲಿಟ್ಟುಕೊಂಡು ಹೊರಟ.

ವಾಚನಾಲಯದವನಿಗೆ ಹೊಸ ಅಭಿಪ್ರಾಯಗಳನ್ನು ಗಟ್ಟಿಯಾಗಿ ಓದುವ ಚಟ. ಪತ್ರಿಕೆ ಓದುತ್ತಿದ್ದವರೂ ತಲೆಯೆತ್ತಿದರು. "ಅಮ್ಮನವರು ಶಾಯಿಯಲ್ಲೇ ಬರೆದುಬಿಟ್ಟಿದ್ದಾರಲ್ಲ! ಇರಲಿ, ಎಷ್ಟು ಮುದ್ದಾದ ಅಕ್ಷರ," ಎಂದು ಓದಿದ:

"ಆ ಅರಸ ಕತ್ತಲಿನವನೇ. ಆದರೂ ದಿನಕ್ಕೊಮ್ಮೆ ಅವಳ ಎದುರು ಕೂತು, ನಿನಗೇನನ್ನಿಸಿತು ಎಂದು ಕೇಳುತ್ತಾನೆ. ಓದುತ್ತ ಓದುತ್ತ ನನಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು. ಹನ್ನೊಂದು ಕಾದಂಬರಿಗಳನ್ನು ಪ್ರತಿ ಮಾಡಿದ್ದೇನೆ. ನನ್ನನ್ನು ಯಾರೂ ಕೇಳಿಲ್ಲ."

ಯಾರೂ ನಗಲಿಲ್ಲ. ಕಾದಂಬರಿಕಾರನ ಕೈ ತಾನಾಗಿ ಜೇಬಿಗೆ ಹೋಯಿತು. ಅಲ್ಲಿ ರಬ್ಬರ್ ಇತ್ತು. ಹಾಳೆಯ ಮೇಲಿದ್ದದ್ದು ಶಾಯಿ. ತನ್ನ ಹನ್ನೊಂದು ಪುಸ್ತಕಗಳನ್ನು ದುಂಡಗೆ ಬರೆದ ಅದೇ ಅಕ್ಷರ, ಬೇರೆಯವರ ಪುಸ್ತಕದ ಹಾಳೆಯಲ್ಲಿ ಕೂತಿತ್ತು. ಮೂರು ಹಾಳೆಗಳ ಅಷ್ಟೂ ಮೆಚ್ಚುಗೆಯಲ್ಲಿ ಯಾವುದೂ ಅವನನ್ನು ಇಷ್ಟು ಸುಟ್ಟಿರಲಿಲ್ಲ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ತೋಂಟೇಶ ಬಿಡಲಿಲ್ಲ.

"ಆಮೇಲೆ? ಅವನು ಮನೆಗೆ ಹೋಗಿ ಹೆಂಡತಿಯನ್ನು ಕೇಳಿದನೇ? ಕಡೆಗಾದರೂ ಆ ಕಾದಂಬರಿಯನ್ನು ಓದಿದನೇ?"

ಗುರುಗಳು ತೊಡೆಯ ಮೇಲಿದ್ದ ಫಕ್ಕೀರೇಶನ ಪುಸ್ತಕವನ್ನು ಎತ್ತಿ ಅವನ ಕೈಗಿಟ್ಟರು.

"ಅವನದ್ದಿರಲಿ ತೋಂಟೇಶ, ಮುನ್ನೂರು ಪುಟಗಳ ಈ ಪುಸ್ತಕದಲ್ಲಿ ಕೊನೆಯ ಎರಡು ಪುಟ ಮಾತ್ರ ಯಾಕೆ ಮಾಸಿವೆ?"