ಒಂದೂವರೆ ಲಕ್ಷದ ಪ್ಲೇಯರ್

ನಮ್ಮ ಸಂಗೀತ ಸಭೆಗೆ ಯಾರೋ ಒಂದಷ್ಟು ಎಸ್‌ಎಸಿಡಿ ಡಿಸ್ಕ್‌ಗಳನ್ನು ದಾನ ಕೊಟ್ಟರು. ಮಾಮೂಲಿ ಸಿಡಿಗಿಂತ ಸೂಕ್ಷ್ಮವಾದ ನಾದ ಅವುಗಳದ್ದು. ಅವಕ್ಕೆ ತಕ್ಕ ಪ್ಲೇಯರ್ ಬೇಕಾಯಿತು. ಸಭೆಯ ಗುಮಾಸ್ತ ಹುಡುಕಾಡಿ ಹನ್ನೆರಡು ಸಾವಿರದ್ದೊಂದನ್ನು ತಂದ. ಅಧ್ಯಕ್ಷ ಪ್ರಹ್ಲಾದರಾಯರು ಎದುರು ಬೀದಿಯ ಅಂಗಡಿಯಿಂದ ಒಂದೂವರೆ ಲಕ್ಷದ್ದನ್ನು ಪರೀಕ್ಷೆಗೆಂದು ತರಿಸಿದರು.

"ಅದನ್ನು ಕೊಂಡರೆ ಶನಿವಾರದ ಉಪ್ಪಿಟ್ಟು-ಕಾಫಿ ವರ್ಷವಿಡೀ ನಿಲ್ಲಿಸಬೇಕಾಗುತ್ತೆ ಸರ್," ಎಂದ ಗುಮಾಸ್ತ.

"ನನ್ನ ಕಿವಿಗೆ ಉಪ್ಪಿಟ್ಟು ಬೇಕಿಲ್ಲ ಕಣಯ್ಯ. ಎರಡನ್ನೂ ಹಾಕು. ನಿನ್ನ ಡಬ್ಬದ ಬಣ್ಣ ಬಯಲಾಗಲಿ."

ರಾಯರು ಸಂಗೀತ ಕೇಳುವಾಗ ಕಣ್ಣು ಮುಚ್ಚುತ್ತಾರೆ. ಪೂರ್ತಿ ಮುಗಿಯುವವರೆಗೂ ತೆರೆಯುವುದಿಲ್ಲ. ಇದು ಊರಿಗೆಲ್ಲ ಗೊತ್ತು.

ಸಮಿತಿಯವರು ಸುತ್ತ ಕೂತರು. ಗುಮಾಸ್ತ ಡಿಸ್ಕ್ ಹಾಕಿದ. ಒಂದು ಕೀರ್ತನೆ ಮುಗಿಯಿತು. ರಾಯರು ಕಣ್ಣು ಮುಚ್ಚಿಕೊಂಡೇ ಮೂಗು ಮುರಿದರು. "ತಗಡು. ಇನ್ನೊಂದು ಹಾಕು."

ಗುಮಾಸ್ತ ಡಿಸ್ಕ್ ತೆಗೆದು, ಒರೆಸಿ, ಮತ್ತೆ ಹಾಕಿದ. ಅದೇ ಕೀರ್ತನೆ. ಈಗ ರಾಯರ ತಲೆ ತೂಗಿತು. ತೊಡೆಯ ಮೇಲೆ ತಾಳ ಬಿತ್ತು.

"ಆಹಾ. ತಂಬೂರಿಯ ಉಸಿರು ಕೇಳಿಸುತ್ತಿದೆ. ಒಂದೂವರೆ ಲಕ್ಷ ಅಂದರೆ ಸುಮ್ಮನೆ ಅಲ್ಲ."

ಸಮಿತಿಯವರು ಕಿಸಕ್ಕನೆ ನಕ್ಕರು. ರಾಯರು ಕಣ್ಣು ತೆರೆದರು. ಒಂದೂವರೆ ಲಕ್ಷದ್ದು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು. ಅಂಟಿಸಿದ ಟೇಪ್ ಕೂಡ ಕಿತ್ತಿರಲಿಲ್ಲ.

ರಾಯರು ಸೋಲುವ ಪೈಕಿಯವರಲ್ಲ. "ಪೆಟ್ಟಿಗೆಯೊಳಗಿಂದಲೇ ಇಷ್ಟು ಪ್ರಭಾವ ಬೀರಿದೆ. ಹೊರಗೆ ತೆಗೆದರೆ ಹೇಗಿದ್ದೀತು, ಯೋಚಿಸು," ಎಂದರು.

"ತೆಗೆಯೋದೇ ಬೇಡ ಸರ್," ಎಂದು ಗುಮಾಸ್ತ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. "ಅಂಗಡಿ ಎದುರು ಬೀದಿಯಲ್ಲೇ ಇದೆ. ಅಲ್ಲಿಂದಲೇ ಪ್ರಭಾವ ಬೀರುತ್ತಿರಲಿ."