ಯಾರನ್ನೂ ಕರೆಯದ ಹಾಡು

ಕೆರೆಯ ಮೇಲೆ ಬಾಗಿದ ಈಚಲ ಮರದಲ್ಲಿ ನಡುವಯಸ್ಸಿನ ಗೀಜುಗನೊಬ್ಬನಿದ್ದ. ಕೆಳಗಿನ ಗೂಡಿನಲ್ಲಿ ಮರಿಗಳೊಡನೆ ಇದ್ದ ಹೆಂಡತಿ, ಅವನು ಬಂದಾಗಲೆಲ್ಲ "ಹುಳು ತಂದಿರಾ?" ಎಂದಷ್ಟೇ ಕೇಳುತ್ತಿದ್ದಳು. ಬೇಸತ್ತ ಅವನು ಮೇಲಿನ ಗರಿಗೆ ಹೊಸ ಗೂಡು ನೇಯ್ದು, ಹಾಡಿ ಹಾಡಿ ಇನ್ನೊಬ್ಬಳನ್ನು ಕರೆದ. ಅವಳು ಒಳಹೊಕ್ಕು ನೋಡಿ, "ನೇಯ್ಗೆ ಸಡಿಲ" ಎಂದು ಹಾರಿಹೋದಳು.

ಮುಸ್ಸಂಜೆಯ ಮಂಜಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಗೀಜುಗ ದಡಕ್ಕಿಳಿದು ಕೂತ. ಅಲ್ಲಿದ್ದ ಆಮೆ ಕೇಳಿತು: "ಯಾರಪ್ಪ ನೀನು?"

"ಆ ಕೆಳಗಿನ ಗೂಡಿನವಳ ಗಂಡ. ಮೇಲಿನ ಗೂಡನ್ನು ಒಲ್ಲದೆ ಹೋದವಳಿಗೆ..."

"ಗೂಡುಗಳ ವಿಷಯ ತಿಳಿಯಿತು. ನಾನು ಕೇಳಿದ್ದು ನಿನ್ನನ್ನು," ಎಂದು ಆಮೆ ನೀರಿಗಿಳಿಯಿತು.

ಆಮೇಲೆ ಗೀಜುಗ ಯಾರನ್ನೂ ಕರೆಯದೆ, ಯಾರನ್ನೂ ಒಲಿಸಲು ಹೋಗದೆ, ಮೆಲ್ಲಗೆ ಹಾಡತೊಡಗಿದ. ಆ ಹಾಡು ಅವನಿಗೇ ಹೊಸದಾಗಿತ್ತು.

ಕೆಳಗಿನ ಗೂಡಿನಿಂದ ಮರಿಯೊಂದು ತಲೆ ಹೊರಹಾಕಿ, "ಅಮ್ಮ, ಅದು ಯಾರು?" ಎಂದಿತು.

"ಗೊತ್ತಿಲ್ಲ ಮಗು," ಎಂದಳು ತಾಯಿ. "ಈ ದನಿಯನ್ನು ನಾನೂ ಇವತ್ತೇ ಕೇಳುತ್ತಿರುವುದು. ಸ್ವಲ್ಪ ಸುಮ್ಮನಿರು, ಕೇಳೋಣ."