ಗೋಡೆಗೆ ಬಳಿಯದ ಸುಣ್ಣ

ಎರೆ ನೆಲದ ಊರೊಂದರಲ್ಲಿ ಭರಮಪ್ಪ ಎಂಬ ಗೌಂಡಿ ಇದ್ದ. ಅವನು ಕಟ್ಟಿದ ಗೋಡೆ ದಾರ ಹಿಡಿದಷ್ಟು ನೆಟ್ಟಗೆ. ಆದರೆ ಆ ಊರಿನ ಕಪ್ಪು ಮಣ್ಣು ಯಾರ ಕೈಚಳಕಕ್ಕೂ ಸೊಪ್ಪು ಹಾಕುತ್ತಿರಲಿಲ್ಲ. ಮಳೆಗೆ ಉಬ್ಬುತ್ತಿತ್ತು, ಬಿಸಿಲಿಗೆ ಬಾಯಿ ಬಿಡುತ್ತಿತ್ತು. ಅದರ ಜೊತೆ ಗೋಡೆಯೂ ಬಾಯಿ ಬಿಡುತ್ತಿತ್ತು.

ಗುರುಬಸವ್ವ ಎಂಬ ಅಜ್ಜಿಯ ಒಂದೇ ಕೋಣೆಯ ಮನೆಯನ್ನು ಅವನು ಎರಡು ಸಲ ಕಟ್ಟಿದ್ದ. ಎರಡು ಸಲವೂ ಗೋಡೆ ಬಿರಿಯಿತು, ಚೌಕಟ್ಟು ಸೊಟ್ಟಗಾಯಿತು, ಬಾಗಿಲು ಹಾಕಲು ಬರದಾಯಿತು. ಓಣಿಯ ನಾಯಿಗಳು ಅಜ್ಜಿಯ ರೊಟ್ಟಿ ಬುಟ್ಟಿಗೆ ಪಾಲುದಾರರಾದವು. ಭರಮಪ್ಪ ಬಿರುಕಿಗೆ ಮಣ್ಣು ಮೆತ್ತಿ ಸುಣ್ಣ ಬಳಿದು ಬರುತ್ತಿದ್ದ. ನಾಚಿಕೆಯಿಂದ ಕೊನೆಗೆ ಆ ಓಣಿಯಲ್ಲಿ ಹಾಯುವುದನ್ನೇ ಬಿಟ್ಟಿದ್ದ.

ಮೂರನೆಯ ಸಲ ಪಾಯ ತೋಡಲು ಬಂದಾಗ ಹೇಳಿದ: "ಈ ಸಲಾನೂ ಸೀಳಿದ್ರ ಕರಣಿ ಕೆಳಗಿಟ್ಟು ಗೌಂಡಿ ಕೆಲಸಾನ ಬಿಡತೀನಿ ಯವ್ವಾ. ಗ್ವಾಡಿ ಎರಡು ಮೊಳ ದಪ್ಪ ಮಾಡ್ತೀನಿ."

ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ನಕ್ಕಳು. "ಬಿರುಕೂ ದಪ್ಪ ಆಗತೈತಿ, ಅಷ್ಟ. ಬಾ ಇಲ್ಲಿ."

ಹಿತ್ತಲಲ್ಲಿ ವರ್ಷವರ್ಷ ಹಬ್ಬಕ್ಕೆ ಸುಣ್ಣದ ಹರಳು ನೀರು ಹಾಕಿ ಅರಳಿಸುವ ಗುಂಡಿ ಇತ್ತು. ಹಿತ್ತಲೆಲ್ಲ ಅಂಗೈ ಅಗಲ ಬಿರಿದಿತ್ತು. ಗುಂಡಿಯ ಸುತ್ತಲಿನ ಮಣ್ಣು ಮಾತ್ರ ಗಟ್ಟಿಯಾಗಿತ್ತು.

"ಮೂವತ್ತು ವರ್ಷಾತು, ಈ ಜಾಗಾ ಉಬ್ಬಿಲ್ಲ, ಬಿರದಿಲ್ಲ. ನೀ ಸುಣ್ಣ ಬರೇ ಗ್ವಾಡಿ ಮಾರಿಗೆ ಬಳೀತಿ. ಅದರ ಕಾಲಿಗೆ ಯಾಕ ಕೊಡಬಾರದು?"

"ಮೊದಲ ಯಾಕ ಹೇಳಲಿಲ್ಲ ಯವ್ವಾ?"

"ನೀ ಯಾವಾಗ ಕೇಳಿದ್ದಿ?"

ಭರಮಪ್ಪ ಪಾಯ ತೋಡಿ ತೆಗೆದ ಹೆಂಟೆಗಳನ್ನು ಪುಡಿ ಮಾಡಿದ. ಗೋಡೆಗೆಂದು ತಂದಿದ್ದ ಸುಣ್ಣವನ್ನೆಲ್ಲ ಅದಕ್ಕೆ ಬೆರೆಸಿ, ನೀರು ಚಿಮುಕಿಸಿ, ನಾಲ್ಕು ದಿನ ಹದಕ್ಕೆ ಬಿಟ್ಟು, ಪಾಯಕ್ಕೆ ತುಂಬಿ ಗಟ್ಟಿಯಾಗಿ ಬಡಿದ. ಅದರ ಮೇಲೆ ಗೋಡೆ ಎದ್ದಿತು. ಬಳಿಯಲು ಹಿಡಿ ಸುಣ್ಣವೂ ಉಳಿದಿರಲಿಲ್ಲ. "ಏನ್ ಗೌಂಡಿ, ಹಬ್ಬಕ್ಕ ಮನಿ ಮಾರಿನ ತೊಳದಿಲ್ಲ!" ಎಂದು ಓಣಿಯವರು ನಕ್ಕರು.

ಎಂಟು ದಿನ ಮಳೆ ಹೊಡೆಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಭರಮಪ್ಪ ಬಂದು ಮನೆಯ ಸುತ್ತ ಬಿರುಕು ಹುಡುಕಿದ. ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಅಜ್ಜಿ ಒಳಗೆ ಹೋಗಿ ಬಾಗಿಲು ದೂಡಿದಳು. ಅಗಳಿ ಖಟ್ ಎಂದು ಬಿತ್ತು! ತೆರೆದಳು, ಮತ್ತೆ ಹಾಕಿದಳು. ನಕ್ಕವರೆಲ್ಲ ಅಗಳಿ ಹಾಕಿ ನೋಡಲು ಸಾಲುಗಟ್ಟಿದರು.

"ಯವ್ವಾ, ನನ್ನೂ ಒಳಗ ಕರೀಬೇ!" ಎಂದು ಹೊರಗೆ ನಿಂತ ಭರಮಪ್ಪ ಸಂತೋಷದಿಂದ ಕೂಗಿದ.

"ತಡಿಯೋ, ಇನ್ನೊಂದ್ಸಲ ಹಾಕಿ ನೋಡ್ತೀನಿ!"

ನೀತಿ: ಬಿರುಕಿನ ಮೇಲೆ ಬಳಿದ ಸುಣ್ಣ ಒಂದು ಮಳೆಗೆ, ಬುಡಕ್ಕೆ ಬೆರೆಸಿದ್ದು ಬಾಳಿಗೆ. ತಪ್ಪನ್ನು ಮೇಲೆ ಮುಚ್ಚಬೇಡಿ, ಬುಡದಲ್ಲಿ ತಿದ್ದಿ. ಕಂಡು ಬಲ್ಲವರನ್ನು ಕೇಳಲು ನಾಚಬೇಡಿ.